ಪೀಪಿ ಊದುವ ಮಗ



ಕಳೆದ ತಿಂಗಳ ಒಂದು ಸೋಮವಾರ, ಪೂಜೆ ಮುಗಿಸಿ ಹೊರಬರುವಷ್ಟರಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಗೃಹಸ್ಥರೊಬ್ಬರು ಬಂದು ಕುಳಿತಿದ್ದರು. ತೆರಕಣಾಂಬಿಯ ಆಸುಪಾಸಿನ ಗ್ರಾಮದವರು; ಅರಿಶಿನ, ಚೆಂಡುಹೂ, ಸಣ್ಣ ಈರುಳ್ಳಿ ಬೆಳೆದು ಮರ್ಯಾದೆಯಿಂದ ಬಾಳುತ್ತಿರುವ ಮನೆತನ. ನಮ್ಮ ಪತ್ರಿಕೆಯ ಹಳೆಯ ಓದುಗರು. ಕಾಫಿ ಕುಡಿದ ಲೋಟವನ್ನು ಕೆಳಗಿಡುತ್ತಲೇ ಅವರು ಮನಸ್ಸಿನ ಭಾರವನ್ನು ಬಿಚ್ಚಿದರು.

‘ಸ್ವಾಮಿ, ನಮ್ಮ ಹುಡುಗ ಪಿಯುಸಿ ಮುಗಿಸಿದ್ದಾನೆ. ಇಂಜಿನಿಯರಿಂಗೋ ಡಿಪ್ಲೊಮಾನೋ ಮಾಡು ಅಂದ್ರೆ ಸ್ಯಾಕ್ಸೊಫೋನ್ ಕಲೀತೀನಿ ಅಂತಾನೆ. ಮದುವೆ ಬ್ಯಾಂಡಿನೋರ ಹತ್ರ ಒಂದು ಹಳೇದನ್ನು ಬಾಡಿಗೆಗೆ ತಂದು ಬೆಳಗೂ ಬೈಗೂ ಊದ್ತಾ ಕೂತಿರ್ತಾನೆ. ನಮ್ಮ ಭಾವಮೈದ ಮೊನ್ನೆ ಬಂದಿದ್ದವನು, ಏನ್ ಭಾವ, ನಿಮ್ಮ ಮನೇಲೂ ವಾಲಗದೋರು ಹುಟ್ಟಿಕೊಂಡ್ರಾ ಅಂತ ನಾಲ್ಕು ಜನರ ಮುಂದೆ ಅಂದ. ನಾಳೆ ಪೀಪಿ ಊದೋನಿಗೆ ಹೆಣ್ಣು ಕೊಡೋರು ಯಾರು? ತಾವೊಂದು ಮಾತು ಬುದ್ಧಿ ಹೇಳಬೇಕು.’

ಬುದ್ಧಿ ಹೇಳಬೇಕಾದುದು ಮಗನಿಗೋ ಭಾವಮೈದನಿಗೋ ಎಂಬುದು ನಮಗೆ ಆ ಕ್ಷಣಕ್ಕೆ ಸ್ಪಷ್ಟವಾಗಲಿಲ್ಲ. ಒಂದು ವಾರ ಕಾಲಾವಕಾಶ ಕೇಳಿ ಅವರನ್ನು ಕಳುಹಿಸಿಕೊಟ್ಟೆವು. ಆ ವಾರದಲ್ಲಿ ನಮ್ಮ ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿದ ಹೆಸರು ಒಂದೇ: ಕದ್ರಿ ಗೋಪಾಲನಾಥರದು. ಅವರ ಬದುಕನ್ನು ಈ ಸಂಚಿಕೆಯಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಸಜಿಪಮೂಡ ಗ್ರಾಮದಲ್ಲಿ 1949ರ ಡಿಸೆಂಬರ್ 6ರಂದು ಗೋಪಾಲನಾಥರು ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು, ತಾಯಿ ಗಂಗಮ್ಮನವರು. ದೇವಸ್ಥಾನದ ಉತ್ಸವ, ಮದುವೆ ಮುಂಜಿಗಳಲ್ಲಿ ನಾಗಸ್ವರ ನುಡಿಸುವ ಮನೆಯಲ್ಲಿ ಹುಟ್ಟಿದ ಬಾಲಕನಿಗೆ ಉಸಿರು ಹಿಡಿಯುವ ವಿದ್ಯೆ ತಂದೆಯಿಂದಲೇ ಬಂದಿತು. ತಂದೆಯ ವಾದ್ಯವನ್ನೇ ಹಿಡಿದಿದ್ದರೆ ಅವರೂ ಒಬ್ಬ ಒಳ್ಳೆಯ ನಾಗಸ್ವರಕಾರರಾಗಿ ಕರಾವಳಿಯಲ್ಲಿ ಹೆಸರು ಮಾಡುತ್ತಿದ್ದರೇನೋ. ಆದರೆ ಅವರ ಬಾಳಿನ ದಿಕ್ಕನ್ನು ಬದಲಿಸಿದ್ದು ನಮ್ಮ ಮೈಸೂರು ಅರಮನೆಯ ಬ್ಯಾಂಡು. ಅರಮನೆಯ ಬ್ಯಾಂಡಿನವರು ನುಡಿಸುತ್ತಿದ್ದ ಸ್ಯಾಕ್ಸೊಫೋನಿನ ಧ್ವನಿ ಕಿವಿಗೆ ಬಿದ್ದ ಮೇಲೆ ಅದನ್ನು ಸಾಧಿಸಿಯೇ ತೀರಬೇಕೆಂಬ ಹಠ ಆ ಬಾಲಕನಲ್ಲಿ ಹುಟ್ಟಿತು.

ಇಲ್ಲಿ ಅರಮನೆಯ ವಿಚಾರವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆವು. ಗುಂಡ್ಲುಪೇಟೆ, ಚಾಮರಾಜನಗರಗಳು ಮೈಸೂರು ಸಂಸ್ಥಾನದ ಮಡಿಲಲ್ಲಿಯೇ ಬೆಳೆದ ಊರುಗಳು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಗುವವರೆಗೂ ನಾವು ಮೈಸೂರು ಜಿಲ್ಲೆಯವರೇ. ನಮ್ಮ ಹಿರಿಯರು ದಸರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ, ಜಂಬೂ ಸವಾರಿಯ ಮುಂದೆ ಸಾಗುತ್ತಿದ್ದ ಬ್ಯಾಂಡನ್ನು ಕಂಡು ಬಂದು ತಿಂಗಳುಗಟ್ಟಲೆ ಅದರ ಮಾತನ್ನೇ ಆಡುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇದ್ದಿತು, ಇಂಗ್ಲಿಷ್ ಬ್ಯಾಂಡೂ ಇದ್ದಿತು; ಪಾಶ್ಚಾತ್ಯ ವಾದ್ಯವೃಂದಕ್ಕೆ ಜರ್ಮನಿಯ ಆಟೊ ಷ್ಮಿಟ್ ಎಂಬವರು ನಿರ್ದೇಶಕರಾಗಿದ್ದರು. ಜಯಚಾಮರಾಜೇಂದ್ರ ಒಡೆಯರಂತೂ ಸ್ವತಃ ವಾಗ್ಗೇಯಕಾರರು. ಜೊತೆಗೆ ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಬಲ್ಲವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದವರು. ಅರಸರ ಈ ರಸಿಕತೆಯ ಫಲ ಕಡಲ ತೀರದ ಒಬ್ಬ ನಾಗಸ್ವರಕಾರರ ಮಗನಿಗೆ ದಕ್ಕಿದ್ದು ಯೋಗಾಯೋಗವೇ ಸರಿ.

ಸ್ಯಾಕ್ಸೊಫೋನು ನಮ್ಮ ನೆಲದ ವಾದ್ಯವಲ್ಲ. ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ ಅದನ್ನು ರೂಪಿಸಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹಕ್ಕನ್ನು ನೋಂದಾಯಿಸಿದನು. ಜಗತ್ತಿಗೆ ಇಂತಹ ವಾದ್ಯವನ್ನು ಕೊಟ್ಟ ಆತ ಹಲವು ಬಾರಿ ದಿವಾಳಿಯಾಗಿ, ಬಡತನದಲ್ಲಿಯೇ 1894ರಲ್ಲಿ ತೀರಿಕೊಂಡನು. ವಾದ್ಯದ ಒಡಲು ಹಿತ್ತಾಳೆಯದಾದರೂ ಧ್ವನಿ ಹುಟ್ಟುವುದು ಬಾಯಿಗೆ ಕಚ್ಚಿಕೊಳ್ಳುವ ತೆಳ್ಳನೆಯ ಬೆತ್ತದಂತಹ ಒಂದು ಪಟ್ಟಿಯಿಂದ. ನಾಗಸ್ವರದಲ್ಲಿ ಅಂತಹ ಪದರ ಎರಡು. ಬೆರಳುಗಳು ನೇರವಾಗಿ ರಂಧ್ರದ ಮೇಲೆ ಕೂರುತ್ತವೆ. ಬೆರಳನ್ನು ಅರ್ಧ ಎತ್ತಿದರೆ ಅರ್ಧ ಸ್ವರ, ಜಾರಿಸಿದರೆ ಜಾರು. ನಮ್ಮ ಸಂಗೀತದ ಪ್ರಾಣವಾದ ಗಮಕ ಅಲ್ಲಿ ಬೆರಳ ತುದಿಯಲ್ಲಿಯೇ ಇರುತ್ತದೆ. ಸ್ಯಾಕ್ಸೊಫೋನಿನಲ್ಲಾದರೋ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಬೀಗದಂತಹ ಕೀಲಿಗಳು. ಕೀಲಿ ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಪಾಶ್ಚಾತ್ಯ ಸಂಗೀತಕ್ಕೆ ಅದು ಸಾಕು. ಆದರೆ ತೋಡಿಯ ಗಾಂಧಾರವನ್ನು ಅಲುಗಿಸಬೇಕಾದವನು, ಭೈರವಿಯ ಸ್ವರವನ್ನು ಇಳಿಜಾರಿನಲ್ಲಿ ನೀರು ಹರಿಸಿದಂತೆ ಹರಿಸಬೇಕಾದವನು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು ಗೋಪಾಲನಾಥರಿಗೆ ಸುಮಾರು 20 ವರ್ಷ ಹಿಡಿಯಿತು. ಅವರ ಎದುರಿಗೆ ಮಾದರಿಯೆಂಬುದು ಇರಲಿಲ್ಲ. ತುಟಿಯ ಬಿಗಿ, ಉಸಿರಿನ ಒತ್ತಡ, ಕೀಲಿಯನ್ನು ಪೂರ್ತಿ ಬಿಡದೆ ಹಿಡಿಯುವ ಬೆರಳಿನ ಜಾಣ್ಮೆ, ಈ ಮೂರನ್ನೂ ಕೂಡಿಸಿ ಹಿತ್ತಾಳೆಯ ಕೊಳವೆಯಿಂದ ನಾಗಸ್ವರದ ಬಾಗು ಬಳುಕನ್ನು ಹೊರಡಿಸುವ ದಾರಿಯನ್ನು ತಾವೇ ಕಡಿದುಕೊಳ್ಳಬೇಕಾಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಕರ್ನಾಟಕ ಸಂಗೀತದ ಪಾಠವಾಯಿತು. ಮುಂದೆ ಮದರಾಸಿಗೆ ಹೋದಾಗ ಗಾಯನ ಮೃದಂಗ ಎರಡರಲ್ಲಿಯೂ ಪ್ರವೀಣರಾದ ಟಿ. ವಿ. ಗೋಪಾಲಕೃಷ್ಣನ್ ಅವರು ಈ ತರುಣನ ಒಳಗಿದ್ದುದನ್ನು ಗುರುತಿಸಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಚೆಂಬೈ ಸ್ಮಾರಕ ಟ್ರಸ್ಟಿನ ಆಶ್ರಯದಲ್ಲಿ ಮೊದಲ ಕಛೇರಿ ನಡೆಯಿತು.

ಮದುವೆಯ ಮೆರವಣಿಗೆಯಲ್ಲಿ ಊದುವ ವಾದ್ಯವನ್ನು ಸಭಾವೇದಿಕೆಯ ಮೇಲೆ ಏರಿಸುವುದೇ ಎಂಬ ಸಂಶಯ ಆಗ ಅನೇಕ ರಸಿಕರಲ್ಲಿದ್ದಿತು. ಆದರೆ ಹೀಗೆ ಸಂಶಯಕ್ಕೆ ಗುರಿಯಾದ ವಾದ್ಯ ಇದೇ ಮೊದಲನೆಯದೇನಲ್ಲ. ಪಿಟೀಲು ನಮ್ಮದೇ? ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಇನ್ನೂರು ವರ್ಷವಾಯಿತು. ನಮ್ಮ ಸೀಮೆಯ ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿದಾಗಲೂ ತಲೆಯಾಡಿಸಿದವರಷ್ಟೇ ತಲೆ ಕೊಡವಿದವರೂ ಇದ್ದರು. ಇಂದು ಬೆಂಗಳೂರಿನಲ್ಲಿ ಅವರ ಹೆಸರಿನ ಭವನವೇ ಪಿಟೀಲಿನ ಆಕಾರದಲ್ಲಿ ನಿಂತಿದೆ. ಕ್ಲ್ಯಾರಿಯೋನೆಟ್ಟನ್ನು ಎ. ಕೆ. ಸಿ. ನಟರಾಜನ್ ಅವರು ಒಗ್ಗಿಸಿಕೊಂಡರು. ಗೋಪಾಲನಾಥರ ವಾದನವನ್ನು ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರಂತಹ ಹಿರಿಯರೇ ಮೆಚ್ಚಿಕೊಂಡ ಬಳಿಕ ವಾದದ ಬಾಯಿ ತಾನಾಗಿ ಮುಚ್ಚಿತು. ಪಿಟೀಲು ವಿದುಷಿ ಎ. ಕನ್ಯಾಕುಮಾರಿಯವರು ಅವರೊಡನೆ ಎಷ್ಟೋ ವರ್ಷಗಳ ಕಾಲ ಜೊತೆಯಾಗಿ ನುಡಿಸಿದರು.

ಅವರ ಕೀರ್ತಿಯ ಬಾಗಿಲು ಅಗಲವಾಗಿ ತೆರೆದದ್ದು ಮಾತ್ರ ಬೇರೊಂದು ದಿಕ್ಕಿನಿಂದ. ಮುಂಬಯಿಯಲ್ಲಿ 1978ರಿಂದ ಜಾಸ್ ಯಾತ್ರಾ ಎಂಬ ಉತ್ಸವ ನಡೆಯುತ್ತಿದ್ದಿತು. 1980ರಲ್ಲಿ ಅಲ್ಲಿ ಗೋಪಾಲನಾಥರು ನುಡಿಸಿದರು. ಕ್ಯಾಲಿಫೋರ್ನಿಯಾದಿಂದ ಬಂದಿದ್ದ ಜಾನ್ ಹ್ಯಾಂಡಿ ಎಂಬ ಹೆಸರಾಂತ ಸ್ಯಾಕ್ಸೊಫೋನ್ ವಾದಕರು ಅದನ್ನು ಕೇಳಿ, ನಿಮ್ಮೊಡನೆ ನಾನೂ ವೇದಿಕೆಗೆ ಬರಲೇ ಎಂದು ತಾವಾಗಿಯೇ ಕೇಳಿದರು. ಇಬ್ಬರೂ ಜೊತೆಯಾಗಿ ನುಡಿಸಿದರು. ಒಬ್ಬರಿಗೆ ರಾಗ, ಇನ್ನೊಬ್ಬರಿಗೆ ಜಾಸ್. ಕೈಯಲ್ಲಿದ್ದ ವಾದ್ಯ ಒಂದೇ.

ಜಾಸ್ ಎಂದರೇನೆಂದು ನಮ್ಮ ತಾಯಂದಿರು ಕೇಳಬಹುದು. ಅಮೆರಿಕದ ದಕ್ಷಿಣದಲ್ಲಿರುವ ನ್ಯೂ ಆರ್ಲಿಯನ್ಸ್ ಎಂಬ ಬಂದರು ಪಟ್ಟಣದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ ಅದು. ಬರೆದಿಟ್ಟ ಸ್ವರಗಳಿಗೇ ಅಂಟಿಕೊಳ್ಳದೆ, ನಮ್ಮ ಮನೋಧರ್ಮ ಸಂಗೀತದಂತೆ ಆ ಗಳಿಗೆಯಲ್ಲಿ ಹೊಳೆದುದನ್ನು ನುಡಿಸುವ ಪದ್ಧತಿ. ಆ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಬ್ಯಾಂಡಿನವರು ಸ್ಮಶಾನದವರೆಗೆ ನಿಧಾನವಾದ ಭಕ್ತಿಗೀತೆಗಳನ್ನು ನುಡಿಸುತ್ತಾ ಹೋಗಿ, ಹಿಂದಿರುಗುವಾಗ ಉಲ್ಲಾಸದ ಧಾಟಿಯನ್ನು ಎತ್ತಿಕೊಳ್ಳುತ್ತಿದ್ದರು. ಲಿಂಗೈಕ್ಯರಾದ ಹಿರಿಯರನ್ನು ವಿಮಾನದಲ್ಲಿ ಕುಳ್ಳಿರಿಸಿ ಭಜನೆ, ವಾದ್ಯಗಳೊಡನೆ ಕರೆದೊಯ್ಯುವ ನಮಗೆ ಇದೇನೂ ವಿಚಿತ್ರವಾಗಿ ತೋರದು.

ಅಂತಹ ಬ್ಯಾಂಡುಗಳ ಹಿಂದೆ ಓಡುತ್ತಾ ಬೆಳೆದವನು ಲೂಯಿ ಆರ್ಮ್‌ಸ್ಟ್ರಾಂಗ್. 1901ರ ಆಗಸ್ಟ್ 4ರಂದು ಕಡುಬಡವರ ಕೇರಿಯಲ್ಲಿ ಹುಟ್ಟಿದವನು. ತಂದೆ ಮನೆ ಬಿಟ್ಟು ಹೋಗಿದ್ದನು. ಬಾಲಕ ಕಲ್ಲಿದ್ದಲಿನ ಗಾಡಿಯಲ್ಲಿ ದುಡಿಯುತ್ತಿದ್ದನು. ಕೆಲಸ ಕೊಟ್ಟಿದ್ದ ಯೆಹೂದಿ ಕುಟುಂಬದವರು ಮುಂಗಡ ಹಣ ಕೊಟ್ಟು ಅವನಿಗೆ ಒಂದು ಹಳೆಯ ಕಾರ್ನೆಟ್ ತುತ್ತೂರಿ ಕೊಳ್ಳಲು ನೆರವಾದರು. ಹೊಸ ವರ್ಷದ ಹಿಂದಿನ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದನೆಂದು 1913ರ ಆರಂಭದಲ್ಲಿ ಅವನನ್ನು ಬಾಲಾಪರಾಧಿಗಳ ಶಾಲೆಗೆ ಹಾಕಿದರು. ಆ ಶಾಲೆಯ ಬ್ಯಾಂಡಿನಲ್ಲಿಯೇ ಅವನಿಗೆ ಕ್ರಮವಾದ ಶಿಕ್ಷಣ ದೊರೆಯಿತು. 1922ರಲ್ಲಿ ಅವನು ಗುರುವೆಂದು ಭಾವಿಸಿದ್ದ ಕಿಂಗ್ ಆಲಿವರ್ ಎಂಬ ವಾದಕನು ಷಿಕಾಗೋ ನಗರಕ್ಕೆ ಕರೆಸಿಕೊಂಡನು. 1925ರಿಂದ ತನ್ನದೇ ಮೇಳ ಕಟ್ಟಿ ಮಾಡಿದ ಧ್ವನಿಮುದ್ರಿಕೆಗಳು ಜಾಸ್ ಸಂಗೀತದ ಹಾದಿಯನ್ನೇ ತಿರುಗಿಸಿದವು. 1971ರಲ್ಲಿ ಅವನು ತೀರಿಕೊಂಡಾಗ ಅವನ ಹೆಸರನ್ನು ಕೇಳದ ದೇಶ ವಿರಳವಾಗಿದ್ದಿತು. ತುತ್ತೂರಿ ಊದುವುದು ತಿರುಪೆಯವರ ಕೆಲಸವೆಂದು ಆ ಯೆಹೂದಿ ಮನೆಯವರು ಮುಂಗಡ ಕೊಡದಿದ್ದರೆ? ಹೀಗೊಂದು ಯೋಚನೆ ನಮಗೆ ಬಂದು ಹೋಯಿತು.

ಪ್ರಾಗ್, ಬರ್ಲಿನ್, ಪ್ಯಾರಿಸ್, ಮೆಕ್ಸಿಕೋ ಉತ್ಸವಗಳಿಗೆ ಗೋಪಾಲನಾಥರಿಗೆ ಕರೆ ಬಂದಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯವರು ನಡೆಸುವ ಪ್ರಾಮ್ಸ್ ಕಛೇರಿಗೆ ಆಹ್ವಾನಿತರಾದ ಮೊದಲ ಕರ್ನಾಟಕ ಸಂಗೀತಗಾರರು ಅವರೇ. ಅದೇ ವರ್ಷ ಕೆ. ಬಾಲಚಂದರ್ ನಿರ್ದೇಶನದ ‘ಡ್ಯುಯೆಟ್’ ಎಂಬ ತಮಿಳು ಚಿತ್ರಕ್ಕೆ ಎ. ಆರ್. ರೆಹಮಾನ್ ಸಂಗೀತದಲ್ಲಿ ನುಡಿಸಿದರು. ರಾಗದ ಮೇಲೆ ರಾಗ ನುಡಿಸಿದರೂ ಒಪ್ಪಿಗೆಯಾಗದೆ, ಕೊನೆಗೆ ಕಲ್ಯಾಣವಸಂತ ಎತ್ತಿಕೊಂಡಾಗ ಎಲ್ಲರ ಮುಖವೂ ಅರಳಿತಂತೆ. ಸಭೆಗೆ ಹೋಗದ ಸಾಮಾನ್ಯ ಜನರೂ ಆ ಚಿತ್ರದಿಂದ ಅವರ ನಾದವನ್ನು ಬಲ್ಲವರಾದರು. 2004ರಲ್ಲಿ ಪದ್ಮಶ್ರೀ ಬಂದಿತು. ಪ್ರಶಸ್ತಿಗಳ ಪಟ್ಟಿ ದೊಡ್ಡದು. ಅದನ್ನು ಬೆಳೆಸುವ ಇಚ್ಛೆ ನಮಗಿಲ್ಲ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಅದರಲ್ಲಿ ಬರುವ ಹೆಸರು ನಮ್ಮ ಓದುಗರ ಕಿವಿಗೆ ತೀರಾ ಪರಿಚಿತವಾದುದು. ರುದ್ರೇಶ್ ಮಹಾಂತಪ್ಪ ಎಂಬ ಜಾಸ್ ವಾದಕರು ಅಮೆರಿಕದಲ್ಲಿದ್ದಾರೆ. ಅವರ ತಂದೆ ಭೌತವಿಜ್ಞಾನಿ, ಕೊಲರಾಡೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದವರು. 1971ರಲ್ಲಿ ಇಟಲಿಯ ಟ್ರಿಯೆಸ್ಟಿನಲ್ಲಿ ಹುಟ್ಟಿ, ಕೊಲರಾಡೋದ ಬೌಲ್ಡರ್ ಪಟ್ಟಣದಲ್ಲಿ ಬೆಳೆದ ರುದ್ರೇಶರಿಗೆ ಜಾಸ್ ಗೊತ್ತು, ನಮ್ಮ ರಾಗಗಳು ಅಷ್ಟಾಗಿ ಗೊತ್ತಿರಲಿಲ್ಲ. ಹೆಸರು ನೋಡಿದವರು ಭಾರತೀಯ ಸಂಗೀತದ ಪಂಡಿತರೇ ಇರಬೇಕೆಂದು ಭಾವಿಸುತ್ತಿದ್ದರು. ಅದು ಅವರಿಗೊಂದು ಮುಜುಗರ. ಕಾಲೇಜಿನ ದಿನಗಳಲ್ಲಿ ಅವರ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಕೊಟ್ಟರು. ಸ್ಯಾಕ್ಸೊಫೋನಿನಲ್ಲಿ ಭಾರತೀಯ ಸಂಗೀತವೆಂದರೆ ಅವರಿಗೆ ನಗೆಯ ವಸ್ತುವಾಗಿದ್ದಿತು. ಅದು ಗೋಪಾಲನಾಥರದು. ತಮಾಷೆ ಅಲ್ಲಿಗೇ ನಿಂತಿತು. ತಾವು ಹಿಡಿದ ವಾದ್ಯದಲ್ಲಿಯೇ, ತಮ್ಮ ತಂದೆಯ ನಾಡಿನಲ್ಲಿಯೇ, ಇಂತಹ ಒಂದು ಮಾರ್ಗವಿದೆಯೆಂದು ತರುಣನಿಗೆ ಗೋಚರಿಸಿತು. 2004ರಲ್ಲಿ ಅವರು ಹೊರತಂದ ‘ಮದರ್ ಟಂಗ್’ ಎಂಬ ಸಂಗ್ರಹದಲ್ಲಿ ‘ಕನ್ನಡ’ ಎಂಬ ಹೆಸರಿನ ಒಂದು ರಚನೆಯೇ ಇದೆ. ಮುಂದೆ ಗೋಪಾಲನಾಥರೊಡನೆ ಕೂಡಿ ನುಡಿಸಿ, 2008ರಲ್ಲಿ ‘ಕಿನ್ಸ್‌ಮೆನ್’, ಎಂದರೆ ‘ಬಂಧುಗಳು’, ಎಂಬ ಧ್ವನಿಮುದ್ರಿಕೆಯನ್ನು ಪ್ರಕಟಿಸಿದರು. ಮಂಗಳೂರಿನ ನಾಗಸ್ವರಕಾರರ ಮಗನೂ ಅಮೆರಿಕದ ಕನ್ನಡ ಪ್ರಾಧ್ಯಾಪಕರ ಮಗನೂ ಬಂಧುಗಳಾದುದು ಒಂದು ಊದುವ ವಾದ್ಯದಿಂದ.

ಈಗ ನಮ್ಮದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ ಗುಂಡ್ಲುಪೇಟೆಯಲ್ಲಿ ನಮ್ಮ ತಂಗಿಯ ವಿವಾಹ ನಡೆಯಿತು. ವಾಲಗದವರು ನಂಜನಗೂಡಿನ ಕಡೆಯಿಂದ ಬಂದಿದ್ದರು. ಮುಖ್ಯ ವಾದಕರು ಅರವತ್ತು ದಾಟಿದ ವೃದ್ಧರು. ಹಿಂದಿನ ರಾತ್ರಿ ವರನನ್ನು ಎದುರುಗೊಳ್ಳುವುದರಿಂದ ಹಿಡಿದು ಬೆಳಗಿನ ಗಟ್ಟಿಮೇಳದವರೆಗೆ ಆ ಹಿರಿಯರು ಊದಿದರು. ಮಧ್ಯಾಹ್ನ ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ವಾಲಗದವರನ್ನು ಕರೆಯಬೇಕೆಂಬ ನೆನಪು ಮನೆಯವರಾದ ನಮಗೆ ಯಾರಿಗೂ ಆಗಲಿಲ್ಲ. ನಾಲ್ಕು ಗಂಟೆಗೆ ಅವರು ಎಲೆಯ ಮುಂದೆ ಕುಳಿತಾಗ ಅನ್ನ ಸಾರು ಇದ್ದವು, ಒಬ್ಬಟ್ಟು ಮುಗಿದುಹೋಗಿತ್ತು. ‘ಪರವಾಗಿಲ್ಲ ಬುಡಿ ಬುದ್ಧಿ, ನಂಗೆ ಸಕ್ಕರೆ ಕಾಯ್ಲೆ’ ಎಂದು ಆ ವೃದ್ಧರು ನಕ್ಕರು. ನಮ್ಮ ತಾಯಿಯವರು ಮಾತ್ರ ಅಂದು ರಾತ್ರಿ ಊಟ ಮಾಡಲಿಲ್ಲ. ಢಕ್ಕೆಯ ಬೊಮ್ಮಣ್ಣನನ್ನೂ ಬಹುರೂಪಿ ಚೌಡಯ್ಯನನ್ನೂ ಶರಣರ ಸಾಲಿನಲ್ಲಿ ಕೂರಿಸಿ ಪೂಜಿಸುವ ಮನೆ ನಮ್ಮದು. ಭಾವಮೈದನ ಕೊಂಕನ್ನು ಕೇಳಿದಾಗ ನಮಗೆ ಮೊದಲು ನೆನಪಾದದ್ದು ಆ ಎಲೆಯೇ.

ಹಾಗೆಂದು ತಂದೆಯ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಮದುವೆಯ ತಿಂಗಳುಗಳಲ್ಲಿ ಬಿಡುವಿಲ್ಲದ ವಾದಕನಿಗೆ ಆಷಾಢದಲ್ಲಿ ಒಲೆ ಹೊತ್ತುವುದೇ ಕಷ್ಟ. ಧ್ವನಿವರ್ಧಕಕ್ಕೆ ತಂತಿ ಸಿಕ್ಕಿಸಿ ಗಟ್ಟಿಮೇಳವನ್ನೂ ಯಂತ್ರದಿಂದಲೇ ಹೊರಡಿಸುವ ಛತ್ರಗಳು ನಮ್ಮ ಕಣ್ಣ ಮುಂದೆಯೇ ಇವೆ. ಗೋಪಾಲನಾಥರಂತಹವರು ನೂರಕ್ಕೆ ಒಬ್ಬರಲ್ಲ, ತಲೆಮಾರಿಗೆ ಒಬ್ಬರು. ಅವರಿಗೂ 20 ವರ್ಷ ಬೇಕಾಯಿತೆಂಬುದನ್ನು ಪಿಯುಸಿ ಮುಗಿಸಿದ ಹುಡುಗ ಮೊದಲು ಲೆಕ್ಕ ಹಾಕಬೇಕು.

ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೋದ ಭಾನುವಾರ ಅವರ ಮನೆಗೆ ಹೋದೆವು. ಹುಡುಗ ಸಂಕೋಚದಿಂದ ವಾದ್ಯವನ್ನು ತಂದನು. ನುಡಿಸಿದ್ದು ಮಾಯಾಮಾಳವಗೌಳದ ಸರಳೆ. ಮೇಲಿನ ಷಡ್ಜಕ್ಕೆ ಹೋದಾಗ ಸ್ವರ ಒಡೆದು ಕೊಟ್ಟಿಗೆಯ ಎಮ್ಮೆ ತಿರುಗಿ ನೋಡಿತು. ಅಜ್ಜಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಹುಡುಗ ನಗಲಿಲ್ಲ. ಮತ್ತೆ ಮೊದಲಿನಿಂದ ಎತ್ತಿಕೊಂಡನು, ಮತ್ತೆ ಒಡೆಯಿತು, ಮೂರನೆಯ ಸಲವೂ ಎತ್ತಿಕೊಂಡನು. ಆಗ ನಾವು ತಂದೆಯ ಮುಖವನ್ನು ನೋಡಿದೆವು. ಅವರು ನೆಲ ನೋಡುತ್ತಿದ್ದರು.

‘ಪದವಿ ಓದಲಿ, ಮೈಸೂರಿನಲ್ಲಿ ಗುರುಗಳೊಬ್ಬರನ್ನು ಹುಡುಕಿ ಕ್ರಮವಾಗಿ ಕಲಿಯಲಿ, ಎರಡನ್ನೂ ಬಿಡಬಾರದು,’ ಎಂದು ಹೇಳಿದೆವು. ಪೊಲೀಸ್ ಇಲಾಖೆಯಲ್ಲಿ ಇಂದಿಗೂ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇವೆಯೆಂದೂ, ದಸರೆಯಲ್ಲಿ ಅರಮನೆಯ ಮುಂದೆ ಅವರು ನುಡಿಸುವುದನ್ನು ಮಗನೊಡನೆ ಹೋಗಿ ಒಮ್ಮೆ ಕೇಳಿ ಬರಬೇಕೆಂದೂ ಸೂಚಿಸಿದೆವು. ಹುಡುಗನ ತಾಯಿ ಅದುವರೆಗೂ ಬಾಗಿಲ ಮರೆಯಲ್ಲಿದ್ದವರು, ‘ಓದೂ ಬಿಡಲ್ಲ ಅಂತ ನಂಗೆ ಮಾತು ಕೊಟ್ಟವ್ನೆ ಅಪ್ಪಾಜಿ’ ಎಂದರು. ಭಾವಮೈದನ ಮಾತು ಯಾರ ಬಾಯಿಯಿಂದಲೂ ಬರಲಿಲ್ಲ.

ತಂದೆಯವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನಮ್ಮನ್ನು ಬಸ್ಸಿಗೆ ಹತ್ತಿಸಲು ಬರುವಾಗ ದಾರಿಯಲ್ಲಿ, ಅರಿಶಿನ ಬೇಯಿಸುವ ಕೊಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತರು. ‘ಬೆಳಿಗ್ಗೆ ಐದು ಗಂಟೆಗೆ ಮನೇಲಿ ಊದಿದ್ರೆ ಮುದುಕಿಗೆ ನಿದ್ದೆ ಕೆಡುತ್ತೆ ಸ್ವಾಮಿ. ಇಲ್ಲಿ ಒಂದು ಹಲಗೆ ಹಾಕ್ಸಿ, ದೀಪ ಎಳೆಸಿಕೊಡ್ತೀನಿ’ ಎಂದರು.